ಪ್ರತಿ ಎಲ್ಲಿದೆ?

ಸಾಹಿತ್ಯ ಕೃತಿಗಳನ್ನು ಆಧರಿಸಿದ ಮೂಕಿ ಚಿತ್ರಗಳು ನನ್ನ ಪಿಎಚ್‌ಡಿ ವಿಷಯ. ಅದಕ್ಕಾಗಿ ಮಾಡಿಕೊಂಡ ಪಟ್ಟಿಯಲ್ಲಿ ಕೃತಿ, ನಿರ್ದೇಶಕ, ವರ್ಷ ಎಂಬ ಕಾಲಂಗಳೆಲ್ಲ ತಕ್ಕಮಟ್ಟಿಗೆ ತುಂಬಿವೆ. ‘ಪ್ರತಿ ಎಲ್ಲಿದೆ?’ ಎಂಬ ಕೊನೆಯ ಕಾಲಂ ಮಾತ್ರ ಬಹುಮಟ್ಟಿಗೆ ಖಾಲಿ. ನೋಡಲು ಸಿಗದ ಚಿತ್ರಗಳ ಬಗ್ಗೆ ಬರೆಯುವುದು ಹೇಗೆ ಎಂಬುದೇ ನನ್ನ ನಿತ್ಯದ ತೊಡಕು.

ಆ ಖಾಲಿ ಜಾಗಗಳಲ್ಲಿ ನನ್ನನ್ನು ಹೆಚ್ಚು ಕಾಡುವುದು 1931ರ ‘ವಸಂತಸೇನಾ’. ಶೂದ್ರಕನ ‘ಮೃಚ್ಛಕಟಿಕ’ವನ್ನು ಮೋಹನ್ ಭವನಾನಿ ಈ ಹೆಸರಿನಲ್ಲಿ ತೆರೆಗೆ ತಂದರು. ಏಣಾಕ್ಷಿ ರಾಮರಾವ್, ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯ ಅವರ ಜೊತೆಗೆ ನಮ್ಮ ಟಿ.ಪಿ. ಕೈಲಾಸಂ ಕೂಡ ಅದರಲ್ಲಿ ನಟಿಸಿದ್ದರು. ಇಂಗ್ಲಿಷ್ ಬೆರೆತ ಆಡುಮಾತನ್ನು ಕನ್ನಡ ರಂಗಭೂಮಿಗೆ ತಂದ ನಾಟಕಕಾರ, ಮಾತೇ ಇಲ್ಲದ ಚಿತ್ರದಲ್ಲಿ ಹೇಗೆ ನಟಿಸಿರಬಹುದು? ಹುಬ್ಬಿನಲ್ಲೋ, ಕೈಯಲ್ಲೋ, ನಡಿಗೆಯಲ್ಲೋ? ಅವರ ನಾಟಕಗಳನ್ನು ಇಂದೂ ಓದಬಹುದು. ಆ ನಟನೆಯನ್ನು ನೋಡುವಂತಿಲ್ಲ; ಚಿತ್ರದ ಪ್ರತಿ ಉಳಿದಿಲ್ಲ.

ಅದೇ 1931ರಲ್ಲಿ ‘ಆಲಂ ಆರಾ’ ಬಂದು ಭಾರತದ ಸಿನಿಮಾ ಮಾತನಾಡತೊಡಗಿತು. ಮೂಕಿ ಚಿತ್ರಗಳಿಗೆ ಬೆಲೆ ಇಲ್ಲವಾಯಿತು. ಅಂದಿನ ನೈಟ್ರೇಟ್ ಫಿಲ್ಮ್ ಬೇಗ ಬೆಂಕಿ ಹಿಡಿಯುವಂಥದ್ದು. ಸೆಕೆ, ತೇವಕ್ಕೆ ತಾನಾಗಿಯೇ ಕೊಳೆಯುವಂಥದ್ದು. ಅದರ ಲೇಪದಲ್ಲಿ ಬೆಳ್ಳಿ ಇತ್ತು. ಚಿತ್ರಕ್ಕಿಂತ ಬೆಳ್ಳಿಗೇ ಹೆಚ್ಚು ಕಾಸು ಸಿಗುವಾಗ ರೀಲುಗಳು ಕರಗಿದವು. ದೇಶದಲ್ಲಿ ತಯಾರಾದ ಸಾವಿರಕ್ಕೂ ಮಿಕ್ಕ ಮೂಕಿ ಚಿತ್ರಗಳಲ್ಲಿ ಉಳಿದವು ಬೆರಳೆಣಿಕೆಯಷ್ಟು.

ಉಳಿದವುಗಳಲ್ಲಿ ಒಂದು ‘ಮಾರ್ತಾಂಡವರ್ಮ’. ಸಿ.ವಿ. ರಾಮನ್ ಪಿಳ್ಳೆಯವರ 1891ರ ಮಲಯಾಳಂ ಕಾದಂಬರಿಯನ್ನು ಪಿ.ವಿ. ರಾವ್ 1933ರಲ್ಲಿ ಚಿತ್ರ ಮಾಡಿದರು. ಕಾದಂಬರಿಯ ಹಕ್ಕು ತಮ್ಮದೆಂದು ಪ್ರಕಾಶಕರಾದ ಕಮಲಾಲಯ ಬುಕ್ ಡಿಪೋದವರು ಕೋರ್ಟಿಗೆ ಹೋದರು. ಪ್ರದರ್ಶನ ನಿಂತಿತು, ಪ್ರತಿ ಪ್ರಕಾಶಕರ ವಶವಾಯಿತು. 1974ರಲ್ಲಿ ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಅದನ್ನು ಅವರಿಂದ ಪಡೆಯಿತು. ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎನ್ನುತ್ತಾರೆ. ಇಲ್ಲಿ ಸೋತ ಚಿತ್ರವೇ ಬದುಕಿತು.

ಅದನ್ನು ಉಳಿಸಿದ್ದು ಕಲೆಯ ಮೇಲಿನ ಪ್ರೀತಿಯಲ್ಲ, ಒಂದು ಆಸ್ತಿ ಜಗಳ. ಒಪ್ಪಿಕೊಳ್ಳಲು ನನಗೆ ಕಷ್ಟವಾದರೂ ಇದು ನಿಜ. ‘ವಸಂತಸೇನಾ’ಗೆ ಜಗಳವಾಡುವವರೂ ಸಿಗಲಿಲ್ಲ. ಶೂದ್ರಕನ ನಾಟಕ ಎಲ್ಲರದ್ದು. ಹಾಗಾಗಿ ಚಿತ್ರದ ಮೇಲೆ ಹಕ್ಕು ಹೂಡಲು ಯಾವ ಪ್ರಕಾಶಕನೂ ಇರಲಿಲ್ಲ.

ಈಗ ನನ್ನ ಪಟ್ಟಿಗೆ ಇನ್ನೊಂದು ಕಾಲಂ ಸೇರಿಸಿದ್ದೇನೆ: ‘ಇದು ಯಾರಿಗೆ ಬೇಕಾಗಿತ್ತು?’ ಖಾಲಿ ಜಾಗದ ಚರಿತ್ರೆಯನ್ನು ಅಲ್ಲಿಂದಲೇ ಬರೆಯಬೇಕು ಅನಿಸುತ್ತದೆ.