ಹುಂಡಿಯಿಂದ ಹನ್ನೊಂದು ಅಕ್ಷರಕ್ಕೆ

ರೊಕ್ಕವನ್ನು ಹೊತ್ತುಕೊಂಡು ಹೋಗದೆ ಒಂದೂರಿನಿಂದ ಇನ್ನೊಂದೂರಿಗೆ ಮುಟ್ಟಿಸುವ ವಿದ್ಯೆ ನಮ್ಮ ನಾಡಿಗೆ ಹೊಸದೇನಲ್ಲ. ಹುಬ್ಬಳ್ಳಿಯ ಪೇಟೆಗಂತೂ ಅದು ದಿನನಿತ್ಯದ ಮಾತಾಗಿತ್ತು. ಇಂದು ತಾರಿಹಾಳದ ಕೈಗಾರಿಕಾ ವಸಾಹತಿನ ಒಂದು ಚಿಕ್ಕ ಕಾರಖಾನೆಯಲ್ಲಿ ಲೆಕ್ಕ ಬರೆಯುವ ನಾನು, ಬೆಳಗಾವಿಯ ಎರಕದವರಿಗೆ, ರಾಜಕೋಟದ ಯಂತ್ರದವರಿಗೆ, ಕೊಯಿಮತ್ತೂರಿನ ಮೋಟಾರಿನವರಿಗೆ ಕುಳಿತಲ್ಲಿಂದಲೇ ಹಣ ಸಂದಾಯ ಮಾಡುತ್ತೇನೆ. ಅದಕ್ಕೆ ಬೇಕಾದದ್ದು ಎರಡೇ: ಅವರ ಖಾತೆಯ ಸಂಖ್ಯೆ, ಅವರ ಬ್ಯಾಂಕು ಶಾಖೆಯ ಹನ್ನೊಂದು ಅಕ್ಷರಗಳ ಐ.ಎಫ್.ಎಸ್. ಸಂಕೇತ. ಪಡೆಯುವವರ ಹೆಸರನ್ನೂ ಬರೆಯುತ್ತೇವೆ, ನಿಜ. ಆದರೆ ಬಹುಕಾಲ ಆ ಹೆಸರನ್ನು ಹಣ ಜಮಾ ಮಾಡುವ ಕಡೆಯಲ್ಲಿ ಯಾರೂ ಓದಬೇಕಾಗಿರಲಿಲ್ಲ ಎಂಬ ಸಂಗತಿ ಬಹಳ ಜನ ವಾಚಕರಿಗೆ ತಿಳಿದಿರಲಾರದು. ನಾನು ಹೇಳಹೊರಟಿರುವುದು ಮುಖ್ಯವಾಗಿ ಆ ಹೆಸರಿನ ಇತಿಹಾಸವನ್ನೇ.

ಮೊದಲು ಅರಳೆಯ ಕಾಲಕ್ಕೆ ಹೋಗೋಣ. ಅಮೇರಿಕದ ಅಂತಃಕಲಹದ ದಿನಗಳಲ್ಲಿ, ಅಂದರೆ 1861ರಿಂದ 1865ರವರೆಗೆ, ಲ್ಯಾಂಕಶೈರಿನ ಗಿರಣಿಗಳಿಗೆ ಆ ದೇಶದ ಹತ್ತಿ ಬರುವುದು ಕಡಿಮೆಯಾಗಿ, ಧಾರವಾಡ ಸೀಮೆಯ ಹತ್ತಿಗೆ ಎಂದೂ ಇಲ್ಲದ ಬೆಲೆ ಬಂತು. ಘಟ್ಟ ಇಳಿದು ಕುಮಟೆಯ ಬಂದರಿನಲ್ಲಿ ಹಡಗು ಹತ್ತುತ್ತಿದ್ದುದರಿಂದ ವ್ಯಾಪಾರದ ಲೋಕದಲ್ಲಿ ಅದಕ್ಕೆ ‘ಕುಮಟಾ’ ಎಂದೇ ಹೆಸರು ಬಿದ್ದಿತ್ತು. ಬೆಳೆದವನು ಎರೆಹೊಲದ ಒಕ್ಕಲಿಗ. ಹೆಸರು ಮಾತ್ರ ಬಂದರಿನದು! ಅದಿರಲಿ. ಅರಳೆ ಘಟ್ಟ ಇಳಿದರೆ ಅದರ ಬೆಲೆ ಘಟ್ಟ ಹತ್ತಿ ಬರಬೇಕಲ್ಲವೆ? ಆಗಿನ ಬೆಳ್ಳಿಯ ರೂಪಾಯಿ ಒಂದು ತೊಲೆ ತೂಕದ್ದು. ಹತ್ತು ಸಾವಿರ ರೂಪಾಯಿ ಎಂದರೆ ಇಂದಿನ ಲೆಕ್ಕದಲ್ಲಿ ನೂರಾಹದಿನಾರು ಕಿಲೋಗ್ರಾಮಿನಷ್ಟು ಬೆಳ್ಳಿ. ಅದನ್ನು ಎತ್ತಿನ ಮೇಲೆ ಹೇರಿ ಕಾಡಿನ ದಾರಿಯಲ್ಲಿ ಕಳಿಸುವ ಸಾಹಸಕ್ಕೆ ಯಾವ ಸಾವಕಾರನೂ ಮನಸ್ಸು ಮಾಡಲಾರ. ಇಂಥ ಕಡೆ ಕೆಲಸಕ್ಕೆ ಬರುತ್ತಿದ್ದುದು ಹುಂಡಿ.

ಹುಂಡಿಯೆಂದರೆ ಒಂದು ಕಾಗದ. ಇಂಥ ಊರಿನ ಇಂಥ ಅಂಗಡಿಯವರು ಇಂಥ ಊರಿನ ಇಂಥ ಅಂಗಡಿಯವರಿಗೆ ನಮಸ್ಕಾರಪೂರ್ವಕ ಬರೆದ ಪತ್ರದ ರೂಪದಲ್ಲಿಯೇ ಅದು ಇರುತ್ತಿತ್ತು. ತೋರಿಸಿದ ಕೂಡಲೆ ಹಣ ಕೊಡಬೇಕಾದದ್ದು ದರ್ಶನಿ ಹುಂಡಿ. ಇಷ್ಟು ದಿನ ಕಳೆದ ಮೇಲೆ ಕೊಡಬೇಕಾದದ್ದು ಮುದ್ದತಿ ಹುಂಡಿ. ಬರೆಯುವ ಕ್ರಮದಲ್ಲಿ ಒಂದು ಜಾಣತನವಿತ್ತು. ಸಾವಿರ ರೂಪಾಯಿಯ ಹುಂಡಿಯಾದರೆ ‘ಒಂದು ಸಾವಿರ’ ಎಂದಷ್ಟೇ ಬರೆದು ಬಿಡುತ್ತಿರಲಿಲ್ಲ. ‘ಇದರ ಅರ್ಧ ಐದು ನೂರು, ಅದರ ಇಮ್ಮಡಿ ಕೊಡುವುದು’ ಎಂದೂ ಸೇರಿಸುತ್ತಿದ್ದರು. ಒಂದು ಸೊನ್ನೆ ಕೂಡಿಸಿ ಮೋಸ ಮಾಡಬೇಕೆನ್ನುವವನು ಮೂರು ಕಡೆ ತಿದ್ದಬೇಕಾಗುತ್ತಿತ್ತು. ಹುಂಡಿ ದಾರಿಯಲ್ಲಿ ಕಳೆದರೆ ಅದರ ಎರಡನೆಯ ಪ್ರತಿಗೆ ಪೇಠ್ ಎಂದೂ, ಅದೂ ಕಳೆದರೆ ಮೂರನೆಯದಕ್ಕೆ ಪರಪೇಠ್ ಎಂದೂ ಹೆಸರಿತ್ತು. ಹಣ ಸಂದು ರದ್ದಾದ ಹುಂಡಿಗೆ ಖೋಖಾ ಎಂದು ಹೇಳುತ್ತಿದ್ದರು. ಇಷ್ಟು ಹೆಸರುಗಳಿರಬೇಕಾದರೆ ಈ ವ್ಯವಹಾರ ಎಷ್ಟು ಹಳಗಿದ್ದೆಂಬುದನ್ನು ಊಹಿಸಬಹುದು.

ಇವುಗಳಲ್ಲಿ ನನಗೆ ಎಲ್ಲಕ್ಕಿಂತ ಸ್ವಾರಸ್ಯವಾಗಿ ಕಾಣುವುದು ಶಹಾಜೋಗ ಹುಂಡಿ. ಅದರ ಹಣವನ್ನು ಕಾಗದ ತಂದ ಯಾವನೋ ದಾರಿಹೋಕನಿಗೆ ಕೊಡುವಂತಿರಲಿಲ್ಲ. ‘ಶಹಾ’, ಎಂದರೆ ಪೇಟೆಯಲ್ಲಿ ಹೆಸರುಳ್ಳ ಮರ್ಯಾದಸ್ಥನ ಮೂಲಕವೇ ಅದು ಬರಬೇಕು. ಮುಂದೆ ಹುಂಡಿ ಖೊಟ್ಟಿಯೆಂದು ತೇಲಿದರೆ ಹಣ ತಿರುಗಿ ಕೊಡುವ ಹೊಣೆ ಆ ಶಹಾನದು. ಕೊಡುವವನು ಮನುಷ್ಯನ ಮುಖ ನೋಡಿ, ಹೆಸರು ಕೇಳಿ, ನಾಲ್ಕು ಜನರಲ್ಲಿ ವಿಚಾರಿಸಿ ಕೊಡುತ್ತಿದ್ದ. ಇಂಗ್ಲಿಷ್ ಸರಕಾರ 1881ರಲ್ಲಿ ಚೆಕ್ಕು, ಹುಂಡಿಪತ್ರಗಳ ಕಾಯಿದೆ ಮಾಡಿದಾಗಲೂ ದೇಶೀ ಭಾಷೆಯಲ್ಲಿ ಬರೆದ ಹುಂಡಿಗಳ ಸ್ಥಳೀಯ ರೂಢಿಗೆ ಕೈ ಹಚ್ಚಲಿಲ್ಲ. ಕಾಯಿದೆಯ ಮೊದಲ ಕಲಮಿನಲ್ಲಿಯೇ ಅದನ್ನು ಬದಿಗಿಟ್ಟಿತು. ಪೇಟೆಯ ರೂಢಿ ಕಾಯಿದೆಗಿಂತ ಗಟ್ಟಿಯಾಗಿತ್ತೆಂಬುದು ಅವರಿಗೂ ತಿಳಿದಿತ್ತು.

ಮುಂದಿನ ನೂರು ವರ್ಷಗಳನ್ನು ಬೇಗ ದಾಟೋಣ. 1880ರಲ್ಲಿ ಅಂಚೆಯ ಮನಿ ಆರ್ಡರು ಬಂತು. ಪೇಟೆಯಲ್ಲಿ ಯಾರ ಪರಿಚಯವೂ ಇಲ್ಲದ ಬಡವನೂ ಊರಿಗೆ ಐದು ರೂಪಾಯಿ ಕಳಿಸುವಂತಾಯಿತು. ರೈಲು ಹುಬ್ಬಳ್ಳಿಗೆ ಬಂತು. 1906ರಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಕೆನರಾ ಬ್ಯಾಂಕಿಗೂ, ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಮುಂದೆ ಕಾರ್ಪೊರೇಷನ್ ಬ್ಯಾಂಕೆನಿಸಿದ ಸಂಸ್ಥೆಗೂ ಬುನಾದಿ ಹಾಕಿದರು. 1913ರಲ್ಲಿ ಬೆಂಗಳೂರಿನಲ್ಲಿ ಮೈಸೂರು ಬ್ಯಾಂಕು, 1925ರಲ್ಲಿ ಉಡುಪಿಯಲ್ಲಿ ಸಿಂಡಿಕೇಟ್, 1931ರಲ್ಲಿ ಮಂಗಳೂರಿನಲ್ಲಿ ವಿಜಯಾ ಬ್ಯಾಂಕು ಹುಟ್ಟಿದವು. ಅವಸರದ ಹಣಕ್ಕೆ ತಂತಿ ವರ್ಗಾವಣೆ ಇತ್ತು. ಕಳಿಸುವ ಶಾಖೆಯವರು ತಂತಿಯಲ್ಲಿ ಒಂದು ಗುಟ್ಟಿನ ಸಂಖ್ಯೆಯನ್ನು ಸೇರಿಸುತ್ತಿದ್ದರು. ಪಡೆದ ಶಾಖೆಯ ಅಧಿಕಾರಿ ಬೀಗದಲ್ಲಿಟ್ಟ ಪುಸ್ತಕ ತೆಗೆದು, ಲೆಕ್ಕ ಹಾಕಿ ತಾಳೆ ನೋಡಿದ ಮೇಲೆಯೇ ಹಣ ಜಮಾ. ಆ ತಂತಿಯೂ 2013ರ ಜುಲೈಯಲ್ಲಿ ನಿಂತುಹೋಯಿತು.

ಊರುಗಳಿಗೆ ಅಂಕಿ ಹಚ್ಚುವ ಕೆಲಸವನ್ನು ಮೊದಲು ಮಾಡಿದವರು ಅಂಚೆಯವರು. 1972ರ ಅಗಸ್ಟ್ 15ರಂದು ಪಿನ್ ಸಂಖ್ಯೆ ಜಾರಿಗೆ ಬಂತು. ಹುಬ್ಬಳ್ಳಿ-ಧಾರವಾಡಗಳ ಪಾಲಿಗೆ 580 ಎಂಬ ಆರಂಭ ಬಂತು. ಎಂಬತ್ತರ ದಶಕದಲ್ಲಿ ಚೆಕ್ಕುಗಳನ್ನು ಯಂತ್ರಗಳೇ ಓದಿ ವಿಂಗಡಿಸುವ ಏರ್ಪಾಡು ಬಂದಾಗ, ಚೆಕ್ಕಿನ ತಳದಲ್ಲಿ ಕಾಂತದ ಮಸಿಯಿಂದ ಒಂಬತ್ತು ಅಂಕಿ ಮುದ್ರಿಸತೊಡಗಿದರು. ಅದರಲ್ಲಿ ಮೊದಲ ಮೂರು ಊರಿಗೆ, ನಡುವಿನ ಮೂರು ಬ್ಯಾಂಕಿಗೆ, ಕೊನೆಯ ಮೂರು ಶಾಖೆಗೆ. ಊರಿನ ಅಂಕಿಯನ್ನು ಪಿನ್ ಸಂಖ್ಯೆಯಿಂದಲೇ ತೆಗೆದುಕೊಂಡರು. ಆದ್ದರಿಂದ ಹುಬ್ಬಳ್ಳಿಯ ಚೆಕ್ಕಿನ ಆ ಅಂಕಿಗಳ ಮೊದಲು ಇಂದಿಗೂ 580 ಇರುತ್ತದೆ. ಬ್ಯಾಂಕು ಎರಡನೆಯದು, ಊರು ಮೊದಲು. ಹುಂಡಿಯ ಕ್ರಮವೇ ಇದು.

ಬಳಿಕ ಬಂದದ್ದು ಕಾಗದವೇ ಇಲ್ಲದ ವರ್ಗಾವಣೆ. ರಿಸರ್ವ್ ಬ್ಯಾಂಕು ತೊಂಬತ್ತರ ದಶಕದ ಉತ್ತರಾರ್ಧದಲ್ಲಿ ಕೆಲವೇ ನಗರಗಳಿಗೆ ಇದನ್ನು ಆರಂಭಿಸಿತು. 2004ರ ಮಾರ್ಚಿಯಲ್ಲಿ ದೊಡ್ಡ ಮೊತ್ತಗಳಿಗಾಗಿ ಆರ್.ಟಿ.ಜಿ.ಎಸ್., 2005ರ ನವೆಂಬರಿನಲ್ಲಿ ಎಲ್ಲರಿಗಾಗಿ ನೆಫ್ಟ್ ಬಂದವು. ಇವುಗಳಿಗೆ ವಿಳಾಸವಾಗಿ ನಿಂತದ್ದೇ ಐ.ಎಫ್.ಎಸ್. ಸಂಕೇತ. ಮೊದಲ ನಾಲ್ಕು ಇಂಗ್ಲಿಷ್ ಅಕ್ಷರಗಳು ಬ್ಯಾಂಕಿನವು. ಐದನೆಯದು ಯಾವಾಗಲೂ ಸೊನ್ನೆ, ಮುಂದೆಂದಾದರೂ ಬೇಕಾದೀತೆಂದು ಕಾಯ್ದಿಟ್ಟ ಸ್ಥಳ. ಉಳಿದ ಆರು ಶಾಖೆಯವು. ಆ ಸೊನ್ನೆಯನ್ನು ‘ಓ’ ಎಂದು ಓದಿ ತೊಂದರೆಗೆ ಬೀಳುವವರನ್ನು ನಾನು ವಾರಕ್ಕೊಮ್ಮೆಯಾದರೂ ನೋಡುತ್ತೇನೆ. ಈ ಹನ್ನೊಂದರಲ್ಲಿ ಊರಿಗೆ ಜಾಗವಿಲ್ಲ. ಹುಂಡಿಯಲ್ಲಿದ್ದ ‘ಅರ್ಧ ಐದು ನೂರು’ ಎಂಬಂಥ ಪರೀಕ್ಷೆಯ ಅಂಕಿಯೂ ಇದರಲ್ಲಿಲ್ಲ. ಇಲ್ಲದ ಸಂಕೇತ ಬರೆದರೆ ಗಣಕಯಂತ್ರ ತನ್ನ ಪಟ್ಟಿಯಲ್ಲಿ ಹುಡುಕಿ ‘ಸಿಗಲಿಲ್ಲ’ ಎನ್ನುತ್ತದೆ. ಆದರೆ ಒಂದು ಅಂಕಿ ತಪ್ಪಿ ಇನ್ನೊಂದು ನಿಜವಾದ ಶಾಖೆಗೆ ಹೊಂದಿಬಿಟ್ಟರೆ ಸಂಕೇತ ತಾನಾಗಿ ಏನೂ ಹೇಳದು.

ಇಲ್ಲಿಗೆ ಹೆಸರಿನ ಸಂಗತಿ ಬಂತು. ದಿನಕ್ಕೆ ಲಕ್ಷಾಂತರ ಸಂದಾಯಗಳು ಬರತೊಡಗಿದಾಗ ಒಂದೊಂದರ ಹೆಸರನ್ನೂ ಗುಮಾಸ್ತರು ತಾಳೆ ನೋಡುವುದು ಸಾಧ್ಯವೆ? ‘ಎಸ್. ಬಿ. ಪಾಟೀಲ’ ಎಂದು ಒಬ್ಬರು ಬರೆದರೆ ‘ಪಾಟೀಲ ಶಿವಪ್ಪ ಬಸಪ್ಪ’ ಎಂದು ಖಾತೆಯಲ್ಲಿರುತ್ತದೆ, ಎರಡೂ ಒಬ್ಬರೇ. 2010ರ ಅಕ್ಟೋಬರಿನಲ್ಲಿ ರಿಸರ್ವ್ ಬ್ಯಾಂಕು ಸುತ್ತೋಲೆ ಹೊರಡಿಸಿ, ಖಾತೆಯ ಸಂಖ್ಯೆಯೊಂದನ್ನೇ ಆಧರಿಸಿ ಹಣ ಜಮಾ ಮಾಡಬಹುದೆಂದು ತಿಳಿಸಿತು. ಸಂಖ್ಯೆ ಸರಿಯಾಗಿ ಕೊಡುವ ಹೊಣೆ ಕಳಿಸುವವನದೆಂದಾಯಿತು. ಕೆಲಸ ಚುರುಕಾಯಿತು ಎಂಬುದರಲ್ಲಿ ಸಂಶಯವಿಲ್ಲ. ಆದರೆ ಹುಂಡಿಯ ಕಾಲದಲ್ಲಿ ಕೊಡುವವನ ತಲೆಯ ಮೇಲಿದ್ದ ಹೊಣೆ ಸದ್ದಿಲ್ಲದೆ ಕಳಿಸುವವನ ತಲೆಗೆ ಬಂದು ಕುಳಿತಿತು. ಎರಡು ಸಲ ಬರೆಯಿಸಿಕೊಳ್ಳುವ ಖಾತೆ ಸಂಖ್ಯೆಯಷ್ಟೇ ಅವನಿಗೆ ಉಳಿದ ರಕ್ಷಣೆ. ಮೋಸಗಾರರಿಗೆ ಇದು ಅನುಕೂಲವಾಯಿತು. ಗಿರಾಕಿಯ ನಿತ್ಯದ ವ್ಯಾಪಾರಿಯ ಹೆಸರು ಹೇಳಿ ‘ನಮ್ಮ ಬ್ಯಾಂಕು ಬದಲಾಗಿದೆ, ಈ ಖಾತೆಗೆ ಕಳಿಸಿರಿ’ ಎಂದು ಸುಳ್ಳುಪತ್ರ ಬರೆಯುವವರಿಗೆ, ಹೆಸರೊಂದು ಖಾತೆಯೊಂದು ಆದರೂ ನಡೆಯುವ ಏರ್ಪಾಡಿಗಿಂತ ಒಳ್ಳೆಯದು ಯಾವುದು?

ಇನ್ನೊಂದು ತೊಂದರೆ ಬ್ಯಾಂಕುಗಳ ವಿಲೀನದಿಂದ ಬಂತು. ಮೇಲೆ ಹೇಳಿದ ಕನ್ನಡನಾಡಿನ ಬ್ಯಾಂಕುಗಳಲ್ಲಿ ಮೈಸೂರು ಬ್ಯಾಂಕು 2017ರ ಏಪ್ರಿಲ್ 1ರಂದು ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ, ವಿಜಯಾ 2019ರ ಏಪ್ರಿಲ್ 1ರಂದು ಬರೋಡಾ ಬ್ಯಾಂಕಿನಲ್ಲಿ, ಸಿಂಡಿಕೇಟ್ ಮತ್ತು ಕಾರ್ಪೊರೇಷನ್ 2020ರ ಅದೇ ದಿನ ಕೆನರಾ ಮತ್ತು ಯೂನಿಯನ್ ಬ್ಯಾಂಕುಗಳಲ್ಲಿ ಸೇರಿಹೋದವು. ಏಪ್ರಿಲ್ 1 ಎಂಬ ದಿನವನ್ನು ಯಾರು ಆರಿಸಿದರೋ! ಫಲಕಗಳು ಬದಲಾದವು, ಅದನ್ನು ಕಣ್ಣಿಗೆ ಕಂಡೆವು. ಕಣ್ಣಿಗೆ ಕಾಣದೆ ಬದಲಾದದ್ದು ಸಂಕೇತಗಳು. ಸಿಂಡಿಕೇಟಿನ ‘ಎಸ್.ವೈ.ಎನ್.ಬಿ.’ ಸಂಕೇತಗಳು 2021ರ ಜುಲೈ 1ರಿಂದ ನಡೆಯದಾದವು. ಶಾಖೆಯ ಹಳೆಯ ಸಂಖ್ಯೆಗೆ ಹತ್ತು ಸಾವಿರ ಕೂಡಿಸಿ, ಮುಂದೆ ‘ಸಿ.ಎನ್.ಆರ್.ಬಿ.’ ಹಚ್ಚಿದರೆ ಹೊಸ ಸಂಕೇತ. ಬಹಳ ಸುಲಭದ ಲೆಕ್ಕವೇ. ಆದರೆ ಪಾಸುಪುಸ್ತಕದಲ್ಲಿ ಹಳೆಯದೇ ಅಚ್ಚಾಗಿರುವ ಕೂಲಿಕಾರನಿಗೆ ಈ ಲೆಕ್ಕ ಹೇಳುವವರು ಯಾರು?

ಆ ದಿನಗಳಲ್ಲಿ ನಮ್ಮಲ್ಲಿಯೂ ಒಂದು ತಿಂಗಳು ಹೀಗಾಯಿತು. ವಿಲೀನವಾದ ಒಂದು ಬ್ಯಾಂಕಿನಲ್ಲಿ ಖಾತೆಯಿದ್ದ ನಾಲ್ಕು ಜನರ ಪಗಾರ ಹೋದ ಹಾಗೆಯೇ ತಿರುಗಿ ಬಂತು. ಜಮಾ ಆಗದ ನೆಫ್ಟ್ ಹಣವನ್ನು ಆ ಕಂತು ಮುಗಿದ ಎರಡು ಗಂಟೆಯೊಳಗೆ ಹಿಂದಿರುಗಿಸಬೇಕೆಂಬ ನಿಯಮವಿದೆ. ಅದರಂತೆ ಅಂದೇ ಬಂತು. ಹೊಸ ಸಂಕೇತ ತರಿಸಿ ಮರಳಿ ಕಳಿಸುವುದರಲ್ಲಿ ಮೂರು ದಿನ. ಲೇಥಿನ ಮೇಲೆ ಕೆಲಸ ಮಾಡುವ ಕುಂದಗೋಳ ಕಡೆಯ ಹಿರಿಯನೊಬ್ಬ ದಿನವೂ ಬಂದು ನಿಲ್ಲುತ್ತಿದ್ದ. ಮನೆಬಾಡಿಗೆ ಕೊಡುವ ವಾಯಿದೆ ಮೀರಿತ್ತು.

“ಅಲ್ಲರೀ ಸರ, ರೊಕ್ಕ ಹೋತು ಅಂತೀರಿ, ತಿರುಗಿ ಬಂತು ಅಂತೀರಿ. ನಡುವ ಯಾರ ಮನ್ಯಾಗ ಇಳಕೊಂಡಿತ್ತರೀ ಅದು?” ಎಂದು ಕೇಳಿದ.

“ಯಾರ ಮನ್ಯಾಗೂ ಇಲ್ಲಪಾ, ಬಾಗಲದಾಗ ನಿಂತು ಹೊಳ್ಳಿ ಬಂತು” ಎಂದೆ.

“ನನ್ನ ಹೆಸರು ಹೇಳಿದ್ದರ ಒಳಗ ಬಿಡತಿದ್ದರರೀ. ಇಪ್ಪತ್ತು ವರ್ಷದ ಖಾತೇರಿ ಅದು” ಎಂದ.

ಅವನ ಮಾತಿನಲ್ಲಿ ತಿಳಿಯದವನ ಹಟವಿರಲಿಲ್ಲ. ಅದೇ ಶಾಖೆ, ಅದೇ ಕಟ್ಟಡ, ಅದೇ ಖಾತೆಯ ಮನುಷ್ಯ. ತಪ್ಪಿದ್ದು ನಾಲ್ಕು ಅಕ್ಷರ ಮಾತ್ರ. ಇನ್ನೂ ವಿಚಿತ್ರವೆಂದರೆ, ಇಂದು ಬ್ಯಾಂಕಿನ ಎಲ್ಲ ಶಾಖೆಗಳ ಖಾತೆಗಳೂ ಒಂದೇ ಕೇಂದ್ರದ ಗಣಕಯಂತ್ರದಲ್ಲಿರುವುದರಿಂದ ಖಾತೆಯನ್ನು ಹುಡುಕಲು ಶಾಖೆಯ ಸಂಖ್ಯೆಯ ಅಗತ್ಯ ಸಾಮಾನ್ಯವಾಗಿ ಬೀಳುವುದೇ ಇಲ್ಲ. ಪ್ರತಿ ಶಾಖೆಗೂ ತನ್ನದೇ ದಪ್ಪ ಖಾತೆಪುಸ್ತಕವಿದ್ದ ಕಾಲದ ನೆನಪು ಆ ಕೊನೆಯ ಆರು ಸ್ಥಾನಗಳಲ್ಲಿ ಉಳಿದುಕೊಂಡಿದೆ.

ನೆಫ್ಟಿನ ಬಾಗಿಲು ಈಗ ಹಗಲುರಾತ್ರಿ ತೆರೆದಿರುತ್ತದೆ. 2019ರ ಡಿಸೆಂಬರ್ 16ರಿಂದ ಅರ್ಧ ಗಂಟೆಗೊಂದರಂತೆ ದಿನಕ್ಕೆ 48 ಕಂತುಗಳು, ಆರ್.ಟಿ.ಜಿ.ಎಸ್. ಕೂಡ ಮರುವರ್ಷದ ಡಿಸೆಂಬರಿನಿಂದ ಹಾಗೆಯೇ. 2016ರಲ್ಲಿ ಬಂದ ಯು.ಪಿ.ಐ. ಸಣ್ಣ ವ್ಯವಹಾರಗಳಲ್ಲಿ ಸಂಕೇತ ಬರೆಯುವ ಕಷ್ಟವನ್ನೇ ತಪ್ಪಿಸಿತು. ಅಲ್ಲಿ ಹಣ ಕಳಿಸುವ ಮೊದಲೇ ಪಡೆಯುವವನ ಹೆಸರು ಕಣ್ಣಿಗೆ ಬೀಳುತ್ತದೆ. ಚಹಾದ ಅಂಗಡಿಗೆ ಹತ್ತು ರೂಪಾಯಿ ಕೊಡುವವನು ಹೆಸರು ಓದಿ ಕೊಡುತ್ತಿದ್ದ. ಎರಡು ಲಕ್ಷ ಕಳಿಸುವವನಿಗೆ ಮಾತ್ರ ಆ ಭಾಗ್ಯವಿರಲಿಲ್ಲ.

ಇದು ಸರಿಹೋದದ್ದು ಇತ್ತೀಚೆಗೆ. 2024ರ ಡಿಸೆಂಬರ್ 30ರ ಸುತ್ತೋಲೆಯಲ್ಲಿ ರಿಸರ್ವ್ ಬ್ಯಾಂಕು, ಆರ್.ಟಿ.ಜಿ.ಎಸ್. ಮತ್ತು ನೆಫ್ಟ್ ವರ್ಗಾವಣೆಗಳಿಗೂ ಹಣ ಹೊರಡುವ ಮುನ್ನ ಖಾತೆದಾರನ ಹೆಸರನ್ನು ತೋರಿಸುವ ಸೌಲಭ್ಯವನ್ನು 2025ರ ಏಪ್ರಿಲ್ 1ರೊಳಗೆ ಒದಗಿಸಬೇಕೆಂದು ಬ್ಯಾಂಕುಗಳಿಗೆ ವಿಧಿಸಿತು. ಇದಕ್ಕೆ ಗಿರಾಕಿಯಿಂದ ಶುಲ್ಕ ಪಡೆಯಬಾರದೆಂದೂ ಹೇಳಿತು. ಖಾತೆಯ ಸಂಖ್ಯೆ ಮತ್ತು ಆ ಹನ್ನೊಂದು ಅಕ್ಷರ ಕೊಟ್ಟರೆ ಹೆಸರು ತೆರೆಯ ಮೇಲೆ ಮೂಡುತ್ತದೆ. ಈಗ ಹೊಸ ವ್ಯಾಪಾರಿಗೆ ಮೊದಲ ಸಲ ಹಣ ಕಳಿಸುವಾಗ ನಾನು ಆ ಹೆಸರನ್ನು ಒಂದು ಚೀಟಿಯ ಮೇಲೆ ಬರೆದುಕೊಂಡು, ಅವರ ಬಿಲ್ಲಿನ ತಲೆಬರಹದ ಪಕ್ಕಕ್ಕಿಟ್ಟು ಅಕ್ಷರ ಅಕ್ಷರ ತಾಳೆ ನೋಡಿದ ಮೇಲೆಯೇ ಗುಂಡಿ ಒತ್ತುತ್ತೇನೆ.