ಅಪ್ಪ-ಅಮ್ಮನ ಆಸ್ಪತ್ರೆ ಬಿಲ್ಲು: ತೆರಿಗೆಯಲ್ಲಿ ಉಳಿಯೋದೆಷ್ಟು?

ಕುಮಟಾ ತಾಲೂಕಿನ ಮಿರ್ಜಾನದಲ್ಲಿ ಯಾರಿಗಾದರೂ ದೊಡ್ಡ ಕಾಯಿಲೆ ಬಂದರೆ ಮೊದಲ ಪ್ರಶ್ನೆ: ಮಣಿಪಾಲವೋ, ಮಂಗಳೂರೋ, ಹುಬ್ಬಳ್ಳಿಯೋ? ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು 2022ರಲ್ಲಿ ಉತ್ತರ ಕನ್ನಡದ ಜನ ದನಿ ಎತ್ತಿದ್ದು ಸುಮ್ಮನೆ ಅಲ್ಲ. ಎರಡನೇ ಪ್ರಶ್ನೆ ಬೆಂಗಳೂರಲ್ಲಿ ದುಡಿಯುವ ಮಕ್ಕಳದ್ದು: ಈ ಖರ್ಚನ್ನು ತೆರಿಗೆ ಲೆಕ್ಕದಲ್ಲಿ ತೋರಿಸಬಹುದಾ?

ತೋರಿಸಬಹುದು, ಹಳೇ ತೆರಿಗೆ ಪದ್ಧತಿ ಆರಿಸಿಕೊಂಡರೆ ಮಾತ್ರ.

ಸೆಕ್ಷನ್ 80ಡಿ: ನಿಮ್ಮ, ಸಂಗಾತಿಯ, ಅವಲಂಬಿತ ಮಕ್ಕಳ ಆರೋಗ್ಯ ವಿಮೆಯ ಕಂತಿಗೆ 25,000 ರೂ.ವರೆಗೆ ಕಡಿತ. ಅಪ್ಪ-ಅಮ್ಮನ ವಿಮೆಗೆ ಪ್ರತ್ಯೇಕವಾಗಿ 25,000. ಅವರಿಗೆ 60 ದಾಟಿದ್ದರೆ 50,000. 60 ದಾಟಿದವರಿಗೆ ವಿಮೆಯೇ ಇಲ್ಲವೆಂದರೆ ಆಸ್ಪತ್ರೆ, ಔಷಧಿ ಖರ್ಚನ್ನೇ ಇದೇ ಮಿತಿಯಲ್ಲಿ ತೋರಿಸಬಹುದು. ಅವರು ನಿಮ್ಮ ಅವಲಂಬಿತರಾಗಿರಬೇಕೆಂದಿಲ್ಲ. ಅತ್ತೆ-ಮಾವನಿಗೆ ಇದು ಅನ್ವಯಿಸಲ್ಲ. ನಗದು ಕೊಟ್ಟರೆ ಲೆಕ್ಕಕ್ಕಿಲ್ಲ. ಯುಪಿಐ, ಕಾರ್ಡ್ ಅಥವಾ ಚೆಕ್ಕಿನಲ್ಲೇ ಕಟ್ಟಿ. ಮುನ್ನೆಚ್ಚರಿಕೆ ತಪಾಸಣೆಗೆ ಮಾತ್ರ, ಮಿತಿಯೊಳಗೇ 5,000 ರೂ.ವರೆಗೆ, ನಗದು ನಡೆಯುತ್ತೆ.

ಸೆಕ್ಷನ್ 80ಡಿಡಿಬಿ: ಕ್ಯಾನ್ಸರ್, ದೀರ್ಘಕಾಲದ ಮೂತ್ರಪಿಂಡ ವೈಫಲ್ಯ, ಪಾರ್ಕಿನ್ಸನ್ಸ್, ಥಲಸ್ಸೇಮಿಯಾದಂಥ ಪಟ್ಟಿಯಲ್ಲಿರುವ ಕಾಯಿಲೆಗಳಿಗೆ 40,000 ರೂ., ರೋಗಿಗೆ 60 ದಾಟಿದ್ದರೆ 1 ಲಕ್ಷ. ಇಲ್ಲಿ ಅಪ್ಪ-ಅಮ್ಮ ನಿಮ್ಮ ಅವಲಂಬಿತರಾಗಿರಲೇಬೇಕು. ತಜ್ಞ ವೈದ್ಯರ ಚೀಟಿ ಬೇಕು. ವಿಮೆಯಿಂದ ಬಂದ ಹಣ ಕಳೆಯಬೇಕು. ಹೃದ್ರೋಗ ಈ ಪಟ್ಟಿಯಲ್ಲಿ ಇಲ್ಲ!

ಈಗ ನನ್ನ ಲೆಕ್ಕ. 30% ಸ್ತರದವರಿಗೆ 50,000 ರೂ. ಕಡಿತದಿಂದ ಉಳಿಯೋದು, ಸೆಸ್ ಸೇರಿ, 15,600 ರೂ. ಬಿಲ್ಲು 5 ಲಕ್ಷವಾದರೂ 80ಡಿಯಲ್ಲಿ ಸಿಗೋದು ಅಷ್ಟೇ. ಇತ್ತ 2025-26ರಿಂದ ಹೊಸ ಪದ್ಧತಿಯಲ್ಲಿ 12.75 ಲಕ್ಷದವರೆಗಿನ ಸಂಬಳಕ್ಕೆ ತೆರಿಗೆಯೇ ಇಲ್ಲ. ಅಂಥವರಿಗೆ ಈ ಕಡಿತಗಳು ಬೇಕಾಗಿಲ್ಲ. ಅದಕ್ಕಿಂತ ಮೇಲಿನವರು ಮನೆ ಬಾಡಿಗೆ, ಗೃಹಸಾಲ, ಪಿಎಫ್ ಎಲ್ಲ ಸೇರಿಸಿ ಎರಡೂ ಪದ್ಧತಿ ತೂಗಿ ನೋಡಬೇಕು. ವ್ಯಾಪಾರದ ಆದಾಯ ಇಲ್ಲದವರು ಪ್ರತಿ ವರ್ಷ, ಗಡುವಿನೊಳಗೆ ರಿಟರ್ನ್ ಸಲ್ಲಿಸುವಾಗ, ಪದ್ಧತಿ ಬದಲಿಸಬಹುದು. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಲಾಗೂ. ಅಲ್ಲಿ ಸೆಕ್ಷನ್ ಸಂಖ್ಯೆಗಳು ಬೇರೆ.

ಊರಲ್ಲಿ ಗದ್ದೆ-ತೋಟವನ್ನೋ ಅಘನಾಶಿನಿಯ ಮೀನು, ಬಳಚನ್ನೋ ನಂಬಿದವರಲ್ಲಿ ಹೆಚ್ಚಿನವರು ಆದಾಯ ತೆರಿಗೆ ಕಟ್ಟೋದೇ ಇಲ್ಲ. ಅವರಿಗೆ ಕಡಿತದಿಂದ ಏನು ಬಂತು? ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ.ವರೆಗೆ ಚಿಕಿತ್ಸೆ ಕೊಡುವ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕವೇ ಆಸರೆ.

60 ದಾಟಿದವರ 50,000 ರೂ. ಮಿತಿ 2018ರ ಬಜೆಟ್ಟಿನದ್ದು. ಆಸ್ಪತ್ರೆ ದರ ಅಂದಿನಿಂದ ಅಲ್ಲೇ ನಿಂತಿದೆಯೇ? ಕಡಿತ ಇದ್ದರೆ ಬಿಡಬೇಡಿ, ಬಿಲ್ಲು ಜೋಪಾನವಾಗಿಡಿ. ಹತ್ತಿರದಲ್ಲೊಂದು ಒಳ್ಳೆಯ ಆಸ್ಪತ್ರೆಗೆ ಮಾತ್ರ ಇದು ಬದಲಿಯಲ್ಲ.