ಇಂಗ್ಲಿಷ್ ನಾಮಪದದ ವಿಭಕ್ತಿಲೋಪವೂ ನಾರ್ಮನ್ ವಿಜಯವೂ

ಇಂಗ್ಲೆಂಡಿನ ಚರಿತ್ರೆಯನ್ನು ನಿರೂಪಿಸುವ ಪಠ್ಯಗ್ರಂಥಗಳಲ್ಲಿ ಒಂದು ಹೇಳಿಕೆ ಪದೇ ಪದೇ ಕಂಡುಬರುತ್ತದೆ. ೧೦೬೬ರಲ್ಲಿ ನಾರ್ಮಂಡಿಯ ವಿಲಿಯಂ ಹೇಸ್ಟಿಂಗ್ಸ್ ಕದನದಲ್ಲಿ ಜಯಶಾಲಿಯಾದನು. ಅರಮನೆ, ನ್ಯಾಯಸ್ಥಾನಗಳಲ್ಲಿ ಫ್ರೆಂಚ್ ನೆಲೆಗೊಂಡಿತು. ರಾಜಾಶ್ರಯ ತಪ್ಪಿದ ಇಂಗ್ಲಿಷ್ ತನ್ನ ವ್ಯಾಕರಣದ ಕಟ್ಟನ್ನು ಕಳೆದುಕೊಂಡು, ನಾಮಪದಗಳ ವಿಭಕ್ತಿಪ್ರತ್ಯಯಗಳನ್ನು ಉದುರಿಸಿ, ಇಂದಿನ ಸರಳರೂಪಕ್ಕೆ ಬಂದಿತು ಎಂಬುದೇ ಆ ಹೇಳಿಕೆ. ಕಾರ್ಯಕಾರಣಗಳು ಇಷ್ಟು ಅಚ್ಚುಕಟ್ಟಾಗಿ ಹೊಂದಿಕೊಂಡಾಗ ಚರಿತ್ರಕಾರನು ಸ್ವಲ್ಪ ಶಂಕಿಸುವುದು ಲೇಸು. ಲಿಖಿತ ಸಾಧನಗಳ ಕಾಲವನ್ನು ಗೊತ್ತುಮಾಡಿಕೊಂಡು ನೋಡಿದರೆ ಈ ಹೇಳಿಕೆ ನಿಲ್ಲಲಾರದೆಂಬುದು ನಮ್ಮ ಅಭಿಪ್ರಾಯ.

ಹಳೆಯ ಇಂಗ್ಲಿಷಿನ ನಾಮಪದದ ಸ್ವರೂಪವನ್ನು ಮೊದಲು ತಿಳಿಯಬೇಕು. ಕಲ್ಲು ಎಂಬ ಅರ್ಥದ 'ಸ್ಟಾನ್' ಶಬ್ದವು ಏಕವಚನದಲ್ಲಿ ಸ್ಟಾನ್, ಸ್ಟಾನೆಸ್, ಸ್ಟಾನೆ ಎಂದೂ ಬಹುವಚನದಲ್ಲಿ ಸ್ಟಾನಸ್, ಸ್ಟಾನ, ಸ್ಟಾನುಮ್ ಎಂದೂ ರೂಪಗೊಳ್ಳುತ್ತಿತ್ತು. ನಾಮಪದದ ಜೊತೆಗೆ ಬರುವ ನಿರ್ದೇಶಕಪದವೂ ವಿಶೇಷಣವೂ ಸಂಸ್ಕೃತದಲ್ಲಿರುವಂತೆಯೇ ಅದರ ಲಿಂಗ ವಚನ ವಿಭಕ್ತಿಗಳನ್ನು ಅನುಸರಿಸಬೇಕಾಗಿತ್ತು. ಲಿಂಗವಾದರೋ ಅರ್ಥವನ್ನು ಅವಲಂಬಿಸಿದುದಲ್ಲ. ಸೂರ್ಯವಾಚಕ 'ಸುನ್ನೆ' ಸ್ತ್ರೀಲಿಂಗ, ಚಂದ್ರವಾಚಕ 'ಮೋನ' ಪುಲ್ಲಿಂಗ, ಹೆಂಡತಿಯೆಂಬರ್ಥದ 'ವೀಫ್' ನಪುಂಸಕಲಿಂಗ. ಸಂಸ್ಕೃತದ 'ಕಲತ್ರ' ನಪುಂಸಕವೆಂದೂ 'ದಾರಾ' ಪುಲ್ಲಿಂಗವೆಂದೂ ಬಲ್ಲ ನಮ್ಮ ವಿದ್ಯಾರ್ಥಿಗಳಿಗೆ ಇದರಲ್ಲಿ ಆಶ್ಚರ್ಯವೇನೂ ಇರದು. ಪ್ರತ್ಯಯಗಳೇ ಸಂಬಂಧವನ್ನು ಸೂಚಿಸುತ್ತಿದ್ದುದರಿಂದ ಪದಗಳ ಸ್ಥಾನಕ್ಕೆ ಹೆಚ್ಚು ಸ್ವಾತಂತ್ರ್ಯವಿತ್ತು. ಇಂದಿನ ಇಂಗ್ಲಿಷಿನಲ್ಲಿ 'ದಿ' ಎಂಬುದು ಎಲ್ಲ ಕಡೆಯೂ ಒಂದೇ. ನಮ್ಮ 'ದೊಡ್ಡ ಮನೆಯಲ್ಲಿ' ಎಂಬ ಪ್ರಯೋಗದಲ್ಲಿ ಹೇಗೋ ಹಾಗೆ, ವಿಶೇಷಣವು ವಿಭಕ್ತಿಯ ಭಾರವನ್ನು ಹೊರುವುದಿಲ್ಲ. ಕರ್ತೃ ಯಾವುದು, ಕರ್ಮ ಯಾವುದು ಎಂಬುದನ್ನು ನಾಮಪದಗುಚ್ಛವು ವಾಕ್ಯದಲ್ಲಿ ಕುಳಿತ ಸ್ಥಳವೇ ತಿಳಿಸುತ್ತದೆ.

ಈ ಮಾರ್ಪಾಡು ಎಂದು ಆರಂಭವಾಯಿತು? ಲಿಂಡಿಸ್‌ಫಾರ್ನ್ ಸುವಾರ್ತೆಗಳೆಂಬ ಪ್ರಸಿದ್ಧ ಲ್ಯಾಟಿನ್ ಹಸ್ತಪ್ರತಿಯ ಸಾಲುಗಳ ನಡುವೆ ಆಲ್‌ಡ್ರೆಡ್ ಎಂಬ ಪಾದ್ರಿಯು ಚೆಸ್ಟರ್-ಲೆ-ಸ್ಟ್ರೀಟ್‌ನಲ್ಲಿ, ಸು. ೯೫೦-೯೭೦ರ ಅವಧಿಯಲ್ಲಿ, ನಾರ್ಥಂಬ್ರಿಯದ ಇಂಗ್ಲಿಷಿನಲ್ಲಿ ಪದಾರ್ಥಗಳನ್ನು ಬರೆದನು. ಷಷ್ಠಿಯ 'ಎಸ್' ಪ್ರತ್ಯಯವೂ ಬಹುವಚನದ 'ಅಸ್' ಪ್ರತ್ಯಯವೂ ತಮಗೆ ಸಲ್ಲದ ಗಣದ ಶಬ್ದಗಳಿಗೆ ಅಲ್ಲಿ ಆಗಲೇ ಹರಡಿವೆ, ಲಿಂಗವ್ಯವಸ್ಥೆಯೂ ಸಡಿಲಗೊಂಡಿದೆ. ವಿಲಿಯಂ ಕಡಲು ದಾಟಲು ಇನ್ನೂ ಒಂದು ಶತಮಾನವಿತ್ತು.

ಇನ್ನೂ ಹೆಚ್ಚಿನ ಬೆಳಕನ್ನು ಬೀರುವುದು ಪೀಟರ್‌ಬರೊ ಮಠದ ವೃತ್ತಾಂತ. ೧೧೧೬ರಲ್ಲಿ ಆ ಮಠವು ಬೆಂಕಿಗೆ ಆಹುತಿಯಾಯಿತು. ಬಳಿಕ ಸನ್ಯಾಸಿಗಳು ಬೇರೆ ಕಡೆಯಿಂದ ಒಂದು ವೃತ್ತಾಂತವನ್ನು ಎರವಲು ತಂದು ೧೧೨೧ರವರೆಗಿನ ಸಂಗತಿಗಳ ಒಂದು ಪ್ರತಿಯನ್ನು ಸಿದ್ಧಪಡಿಸಿಕೊಂಡರು. ನಕಲು ಮಾಡಿದ ಲಿಪಿಕಾರನೇ ೧೧೩೧ರವರೆಗಿನ ಘಟನೆಗಳನ್ನು ಮುಂದುವರಿಸಿ ಬರೆದನು. ಈ ಗ್ರಂಥ ಈಗ ಆಕ್ಸ್‌ಫರ್ಡಿನ ಬಾಡ್ಲಿಯನ್ ಗ್ರಂಥಾಲಯದಲ್ಲಿದೆ. ಮೂಲವನ್ನು ಎದುರಿಗಿಟ್ಟುಕೊಂಡು ನಕಲು ಮಾಡಿದ ಭಾಗದಲ್ಲಿ ಪ್ರತ್ಯಯಗಳು ಬಹುಮಟ್ಟಿಗೆ ಹಳೆಯ ವೆಸೆಕ್ಸ್ ಮರ್ಯಾದೆಯಂತೆ ಉಳಿದಿವೆ. ತಾನಾಗಿಯೇ ಬರೆದ ಭಾಗದಲ್ಲಿ ಆತನಿಗೆ ಲಿಂಗ ತಪ್ಪುತ್ತದೆ, ವಿಭಕ್ತಿ ತಪ್ಪುತ್ತದೆ, ಒಮ್ಮೊಮ್ಮೆ ಹಳೆಯ ರೂಪವನ್ನು ತರಲು ಹೋಗಿ ಅದನ್ನು ಸಲ್ಲದ ಕಡೆ ಅಂಟಿಸುತ್ತಾನೆ. ಒಬ್ಬನೇ ವ್ಯಕ್ತಿ ಒಂದೇ ಲೇಖನಿಯಿಂದ ಎರಡು ವ್ಯಾಕರಣಗಳನ್ನು ಬರೆದಿದ್ದಾನೆ: ಒಂದು ಕಣ್ಣಿಗೆ ಕಂಡದ್ದು, ಇನ್ನೊಂದು ಬಾಯಿಗೆ ಬಂದದ್ದು. ೧೧೩೨ರಿಂದ ೧೧೫೪ರವರೆಗಿನ ಕೊನೆಯ ಭಾಗ, ಎಂದರೆ ಸ್ಟೀಫನ್ ದೊರೆಯ ಕಾಲದ ಅರಾಜಕತೆಯ ವರ್ಣನೆ, ಮತ್ತೊಂದು ಕೈಯ ಬರಹ. ಅಲ್ಲಿ ನಿರ್ದೇಶಕಪದವು ಬಹುತೇಕ 'ದೆ' ಎಂಬ ಒಂದೇ ರೂಪಕ್ಕೆ ಇಳಿದಿದೆ.

ಈ ಪುಸ್ತಕವನ್ನು ಮೇಲುಮೇಲೆ ನೋಡಿದವರು ಭಾಷೆ ಮೂವತ್ತು ವರ್ಷಗಳಲ್ಲಿ ಕುಸಿಯಿತೆಂದು ಭಾವಿಸಬಹುದು. ವಾಸ್ತವವಾಗಿ ಕುಸಿದದ್ದು ಬರಹದ ಶಿಸ್ತು. ಹತ್ತನೆಯ ಶತಮಾನದ ಉತ್ತರಾರ್ಧದಲ್ಲಿ ವಿಂಚೆಸ್ಟರಿನ ಬಿಷಪ್ ಎಥೆಲ್‌ವೋಲ್ಡನೂ ಅವನ ಶಿಷ್ಯ ಎಲ್ಫ್ರಿಕನೂ ಬೆಳೆಸಿದ ಶಿಷ್ಟಬರಹವನ್ನು ದೇಶದ ಲಿಪಿಕಾರರು ಶ್ರಮಪಟ್ಟು ಕಲಿಯುತ್ತಿದ್ದರು. ೧೦೬೬ರ ತರುವಾಯ ಬಿಷಪ್ಪರ ಹಾಗೂ ಮಠಾಧಿಪತಿಗಳ ಪೀಠಗಳು ನಾರ್ಮನರ ಕೈಸೇರಿದವು. ಆ ಶಿಕ್ಷಣವನ್ನು ಪೋಷಿಸುವವರಿಲ್ಲದಂತಾಯಿತು. ಹೀಗಾಗಿ ನಾರ್ಮನ್ ವಿಜಯವು ಪ್ರತ್ಯಯಗಳನ್ನು ಕತ್ತರಿಸಲಿಲ್ಲ. ಅವು ಜನರ ನಾಲಗೆಯಿಂದ ಜಾರಿಹೋಗುತ್ತಿದ್ದುದನ್ನು ಮರೆಮಾಡಿದ್ದ ತೆರೆಯನ್ನು ಸರಿಸಿತು.

ಹಾಗಾದರೆ ನಿಜವಾದ ಕಾರಣವೇನು? ಪದದ ಮೊದಲ ಅಕ್ಷರದ ಮೇಲೆ ಒತ್ತು ಬೀಳುವ ಭಾಷೆಯಲ್ಲಿ ಕೊನೆಯ ಸ್ವರಗಳು ಕ್ರಮೇಣ ಮಂಕಾಗಿ ಒಂದರಲ್ಲೊಂದು ಬೆರೆಯುವುದು ಸಹಜ. ಅ, ಒ, ಉ ಎಲ್ಲವೂ ಎಕಾರಕ್ಕೆ ಇಳಿದಾಗ ಪ್ರತ್ಯಯಗಳ ನಡುವಣ ಭೇದವೇ ಅಳಿಯುತ್ತದೆ. ಡೇನರ ನೆಲೆಗಳಲ್ಲಿ ಧಾತು ಒಂದೇ ಆಗಿದ್ದು ಪ್ರತ್ಯಯ ಮಾತ್ರ ಬೇರೆಯಾದ ಎರಡು ಭಾಷೆಗಳು ಸಂಧಿಸಿದ್ದರಿಂದ ಈ ಕ್ರಿಯೆ ತ್ವರಿತವಾಯಿತೆಂದು ಅನೇಕ ವಿದ್ವಾಂಸರು ಹೇಳುತ್ತಾರೆ. ಇದರಲ್ಲಿ ತಥ್ಯವಿದೆಯೆಂದು ನಾವೂ ಒಪ್ಪುತ್ತೇವೆ. ಆದರೆ ಆಲ್‌ಡ್ರೆಡ್ ಇದ್ದ ಟೀಸ್ ನದಿಯ ಉತ್ತರದ ಪ್ರದೇಶದಲ್ಲಿ ಡೇನರ ವಸತಿ ವಿರಳವಾಗಿತ್ತೆಂಬುದನ್ನು ಗಮನಿಸಿದರೆ, ಅದೊಂದನ್ನೇ ಸಮಗ್ರ ಕಾರಣವೆನ್ನಲಾಗದು.

ವಿಭಕ್ತಿ ಹೋದ ಜಾಗಕ್ಕೆ ಬಂದ ಏರ್ಪಾಡು ಒಂದೇ ದಿನದಲ್ಲಿ ನೆಲೆಗೊಳ್ಳಲಿಲ್ಲ. ಬಹುವಚನದಲ್ಲಿ 'ಎಸ್' ಮತ್ತು 'ಎನ್' ಪ್ರತ್ಯಯಗಳ ಪೈಪೋಟಿ ಬಹುಕಾಲ ನಡೆಯಿತು. ಇಂಗ್ಲೆಂಡಿನ ಮೊದಲ ಮುದ್ರಕ ಕ್ಯಾಕ್ಸ್‌ಟನ್ ೧೪೯೦ರಲ್ಲಿ ಒಂದು ಪ್ರಸಂಗವನ್ನು ಬರೆದಿದ್ದಾನೆ. ವ್ಯಾಪಾರಿಯೊಬ್ಬನು ಕೆಂಟ್ ಪ್ರಾಂತದ ಕರಾವಳಿಯಲ್ಲಿ 'ಎಗ್ಸ್' ಬೇಕೆಂದು ಕೇಳಿದಾಗ ಗೃಹಿಣಿಯು ತನಗೆ ಫ್ರೆಂಚ್ ಬಾರದೆಂದಳಂತೆ. ಇನ್ನೊಬ್ಬನು 'ಐರನ್' ಎಂದಾಗಲೇ ಅವಳಿಗೆ ಮೊಟ್ಟೆ ಎಂದು ತಿಳಿದದ್ದು. ಗೆದ್ದದ್ದು ಉತ್ತರದ ಶಬ್ದ, ಉತ್ತರದಲ್ಲಿ ಮೊದಲು ಹರಡಿದ ಪ್ರತ್ಯಯ. 'ಆಕ್ಸೆನ್' ಮುಂತಾದ ಕೆಲವೇ ಶಬ್ದಗಳಲ್ಲಿ ಸೋತ ಪಕ್ಷದ ಅವಶೇಷವಿದೆ.

ಷಷ್ಠಿಯ ವಿಚಾರ ಇನ್ನೂ ಸ್ವಾರಸ್ಯಕರ. ೧೯೪೦ರಲ್ಲಿ ಚಾರ್ಲ್ಸ್ ಫ್ರೀಸ್ ಪ್ರಕಟಿಸಿದ ಎಣಿಕೆಯಂತೆ, ಸು. ೧೧೦೦ರಲ್ಲಿ ಷಷ್ಠ್ಯರ್ಥಕ್ಕೆ 'ಆಫ್' ಬಳಸಿದ ಪ್ರಯೋಗಗಳು ನೂರಕ್ಕೆ ಒಂದಕ್ಕಿಂತ ಸ್ವಲ್ಪ ಹೆಚ್ಚು, ಸು. ೧೩೦೦ರ ವೇಳೆಗೆ ನೂರಕ್ಕೆ ೮೪. ಫ್ರೆಂಚ್ ಶಬ್ದಗಳು ಧಾರಾಳವಾಗಿ ಬಂದದ್ದೂ ಈ ಅವಧಿಯಲ್ಲೇ ಆದುದರಿಂದ, ಫ್ರೆಂಚಿನ 'ದ' ಎಂಬ ಅವ್ಯಯದ ಪ್ರಭಾವವನ್ನು ಇಲ್ಲಿ ಮಾತ್ರ ಅಲ್ಲಗಳೆಯುವುದು ಕಷ್ಟ. ಉಳಿದುಕೊಂಡ 'ಎಸ್' ಪ್ರತ್ಯಯವಾದರೋ ತನ್ನ ಸ್ವಭಾವವನ್ನೇ ಬದಲಿಸಿತು. ಚಾಸರನ ಕಥಾಸಂಗ್ರಹದ ಎಲ್ಸ್‌ಮಿಯರ್ ಹಸ್ತಪ್ರತಿಯಲ್ಲಿ ಬಾತ್ ಊರಿನ ಗೃಹಿಣಿಯ ಕಥೆಗೆ 'ವೈವ್ಸ್ ಟೇಲ್ ಆಫ್ ಬಾತ್' ಎಂಬ ಶೀರ್ಷಿಕೆ ಕಾಣುತ್ತದೆ. ಪ್ರತ್ಯಯ ಗೃಹಿಣಿಗೆ ಅಂಟಿದೆ, ಊರು ಹಿಂದೆ ಬಿದ್ದಿದೆ. ಇಂದು ಅದು 'ವೈಫ್ ಆಫ್ ಬಾತ್ಸ್ ಟೇಲ್'. ಪ್ರತ್ಯಯ ಈಗ ನಾಮಪದದ ಸ್ವತ್ತಲ್ಲ, ಇಡೀ ಗುಚ್ಛದ ಸ್ವತ್ತು; ಗುಚ್ಛದ ಕೊನೆಯಲ್ಲಿ ಯಾವ ಪದವಿದ್ದರೆ ಅದಕ್ಕೆ ತಗಲುತ್ತದೆ. ಹದಿನಾರು ಹದಿನೇಳನೆಯ ಶತಮಾನಗಳಲ್ಲಿ ಕೆಲವರು ಈ ಪ್ರತ್ಯಯವನ್ನು 'ಹಿಸ್', ಎಂದರೆ 'ಅವನ' ಎಂಬ ಸರ್ವನಾಮದ ಸಂಕ್ಷೇಪವೆಂದು ತಿಳಿದು ಹಾಗೆಯೇ ಬರೆದದ್ದೂ ಉಂಟು. ಅದು ನಿಜವಾದರೆ ಸ್ತ್ರೀವಾಚಕ ಶಬ್ದಗಳಿಗೆ ಅದು ಹೇಗೆ ಸೇರೀತು ಎಂದು ೧೭೫೫ರ ತನ್ನ ನಿಘಂಟಿನ ವ್ಯಾಕರಣಭಾಗದಲ್ಲಿ ಸ್ಯಾಮ್ಯುಅಲ್ ಜಾನ್ಸನ್ ಆಕ್ಷೇಪಿಸಿದನು.